ರಿಪೋರ್ಟ್ ಚೆನ್ನಾಗಿದೆ, ಅಂಗಾಲು ಉರಿಯುತ್ತದೆ, ಮನಸ್ಸು ಕುಸಿದಿದೆ: ಎಚ್‌ಐವಿ ಇರುವವರ ನೋವು ಮತ್ತು ಖಿನ್ನತೆ

ಪ್ರಶ್ನೆ: ನನಗೆ 47 ವರ್ಷ. ಎಚ್‌ಐವಿಗೆ ಹದಿನೈದು ವರ್ಷದಿಂದ ಎಆರ್‌ಟಿ (ವೈರಸ್ ಹತೋಟಿಯಲ್ಲಿಡುವ ಮಾತ್ರೆಗಳು) ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಕೆಲವು ವರ್ಷ ಸ್ಟಾವುಡಿನ್ ಇದ್ದ ಮಾತ್ರೆ ಕೊಟ್ಟಿದ್ದರು. ಈಗ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ. ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆ, ರೋಗನಿರೋಧಕ ಶಕ್ತಿ ತಿಳಿಸುವ ಸಿಡಿ4 ಕಣಗಳ ಸಂಖ್ಯೆ ಆರುನೂರರ ಮೇಲಿದೆ. ಆದರೆ ಎರಡು ವರ್ಷದಿಂದ ಅಂಗಾಲು ಉರಿಯುತ್ತದೆ, ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗುವುದಿಲ್ಲ. ಸೊಂಟವೂ ನೋಯುತ್ತದೆ. ಎಆರ್‌ಟಿ ಡಾಕ್ಟರು ‘ರಿಪೋರ್ಟ್ ಚೆನ್ನಾಗಿದೆ’ ಎನ್ನುತ್ತಾರೆ. ಮೂಳೆ ಡಾಕ್ಟರ ಹತ್ತಿರ ಹೋದಾಗ ಎಚ್‌ಐವಿ ವಿಷಯ ಹೇಳಲಿಲ್ಲ. ಅವರು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಬರೆದುಕೊಟ್ಟರು, ಈಗ ಸೊಂಟಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕೋಣ ಎನ್ನುತ್ತಿದ್ದಾರೆ. ಕೆಲವು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಯಾರಿಗೂ ಬೇಡದವನು ಅನ್ನಿಸುತ್ತದೆ. ನಾಲ್ಕಾರು ಸಲ ಎಆರ್‌ಟಿ ಮಾತ್ರೆಯೂ ತಪ್ಪಿದೆ. ಕಾಯಿಲೆ ಮತ್ತೆ ಏರುತ್ತಿದೆಯೇ? ಖಿನ್ನತೆಗೆ ಮಾತ್ರೆ ತೆಗೆದುಕೊಂಡರೆ ಎಆರ್‌ಟಿ ಕೆಲಸ ಕೆಡುತ್ತದೆಯೇ?

ಉತ್ತರ: ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರಿಸುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಇದು ಎಚ್‌ಐವಿ ಏರುತ್ತಿರುವ ಲಕ್ಷಣದಂತೆ ಕಾಣುವುದಿಲ್ಲ. ಮಾತ್ರೆ ತಪ್ಪಿರುವುದರಿಂದ ವೈರಲ್ ಲೋಡ್ ಇನ್ನೊಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು, ಅಷ್ಟೆ. ಇನ್ನು ನೀವು ತೆಗೆದುಕೊಳ್ಳುತ್ತಿರುವ ಎಆರ್‌ಟಿ ಜೊತೆಗೆ ಖಿನ್ನತೆಯ ಸಾಮಾನ್ಯ ಮಾತ್ರೆಗಳನ್ನು ಧಾರಾಳವಾಗಿ ಕೊಡಬಹುದು. ನನಗೆ ಹೆಚ್ಚು ಕಾಳಜಿ ಹುಟ್ಟಿಸಿದ್ದು ಬೇರೆಯೇ ಸಂಗತಿ. ನಿಮ್ಮ ವೈರಸ್ ಬಗ್ಗೆ ಗೊತ್ತಿರುವ ಡಾಕ್ಟರಿಗೆ ನಿಮ್ಮ ಮನಸ್ಸಿನ ಸ್ಥಿತಿ ಗೊತ್ತಿಲ್ಲ. ನೋವಿಗೆ ಮದ್ದು ಕೊಡುತ್ತಿರುವ ಡಾಕ್ಟರಿಗೆ ನಿಮ್ಮ ವೈರಸ್ ಬಗ್ಗೆಯೇ ಗೊತ್ತಿಲ್ಲ. ಇಬ್ಬರೂ ಅವರವರ ಮಟ್ಟಿಗೆ ಸರಿಯಾಗಿಯೇ ನೋಡಿದ್ದಾರೆ, ಆದರೂ ನಿಮ್ಮ ನಿಜವಾದ ತೊಂದರೆ ಇಬ್ಬರ ಕಣ್ಣಿಗೂ ಬಿದ್ದಿಲ್ಲ.

ಮುಂದೆ ಓದುವ ಮೊದಲು ಒಂದು ಮಾತನ್ನು ನೇರವಾಗಿ ಕೇಳಬೇಕು. ‘ಯಾರಿಗೂ ಬೇಡದವನು’ ಎಂದು ಬರೆದಿದ್ದೀರಿ. ಬದುಕಿ ಏನು ಪ್ರಯೋಜನ ಎಂದೂ ಅನ್ನಿಸಿದೆಯೇ? ಅನ್ನಿಸಿದ್ದರೆ, ಸಾಯುವುದು ಹೇಗೆ ಎಂಬ ಯೋಚನೆಯವರೆಗೂ ಹೋಗಿದೆಯೇ? ಹೌದಾದರೆ ಈ ಉತ್ತರದ ಉಳಿದ ಭಾಗ ಆಮೇಲೆ. ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಅಥವಾ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ. ಮನೆಯಲ್ಲಿ ಗುಡ್ಡೆ ಹಾಕಿಟ್ಟ ಮಾತ್ರೆಗಳಿದ್ದರೆ ಬೇರೆಯವರ ಕೈಗೆ ಕೊಟ್ಟುಬಿಡಿ. ಇಂಥ ಯೋಚನೆ ಬರುವುದು ಖಿನ್ನತೆಯ ಲಕ್ಷಣ. ಚಿಕಿತ್ಸೆ ಆದಂತೆ ಅದೂ ಇಳಿಯುತ್ತದೆ.

ಈಗ ಪಾದದ ವಿಷಯ. ಎರಡೂ ಪಾದ, ಅಂಗಾಲಿನಿಂದ ಶುರು, ಉರಿ, ರಾತ್ರಿ ಜಾಸ್ತಿ, ಬಟ್ಟೆ ತಾಗಿದರೂ ಆಗದು: ಇದು ನರದ ನೋವಿನ ನಡವಳಿಕೆ. ದೇಹದಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುವವು, ಹಾಗಾಗಿ ನರಗಳಿಗೆ ಪೆಟ್ಟು ಬಿದ್ದಾಗ ಮೊದಲು ಸುದ್ದಿ ಬರುವುದು ಅಲ್ಲಿಂದಲೇ. ಎಚ್‌ಐವಿಯ ಹೊರಕವಚದ ಪ್ರೋಟೀನ್ ಮತ್ತು ಅದು ಎಬ್ಬಿಸುವ ಉರಿಯೂತ ನರತಂತುಗಳನ್ನು ಕೆಡಿಸುತ್ತವೆ. ಅದರ ಮೇಲೆ ನಿಮಗೆ ಸ್ಟಾವುಡಿನ್ ಬೇರೆ ಸಿಕ್ಕಿದೆ. ಸ್ಟಾವುಡಿನ್, ಡಿಡಾನೊಸಿನ್ ಎಂಬ ಹಳೆಯ ಎಚ್‌ಐವಿ ಮದ್ದುಗಳೆರಡೂ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ ಹಾನಿ ಮಾಡುತ್ತವೆ, ನರಗಳು ಅದಕ್ಕೆ ಬೇಗ ಸೋಲುತ್ತವೆ. ಸ್ಟಾವುಡಿನ್ ಬಳಕೆಯನ್ನು ಹಂತಹಂತವಾಗಿ ಕೈಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿತು. ಆ ಕಾಲಕ್ಕೆ ಆ ಮಾತ್ರೆ ಅದೆಷ್ಟೋ ಜನರ ಜೀವ ಉಳಿಸಿದೆ, ಅದನ್ನು ಬೈಯುವುದು ನನ್ನ ಉದ್ದೇಶವಲ್ಲ. ಆದರೆ ಅದು ಬಿಟ್ಟುಹೋದ ನರಹಾನಿ ಮಾತ್ರೆ ಬದಲಾದ ಮೇಲೂ ಹಲವರಲ್ಲಿ ಉಳಿದುಕೊಳ್ಳುತ್ತದೆ.

ವೈರಲ್ ಲೋಡ್ ಎಂಬುದು ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುತ್ತದೆ, ನರ ಹೇಗಿದೆ ಎಂದು ಹೇಳುವುದಿಲ್ಲ. ‘ರಿಪೋರ್ಟ್ ಚೆನ್ನಾಗಿದೆ’ ಎಂಬ ಮಾತೂ ನಿಜ, ನಿಮ್ಮ ನೋವೂ ನಿಜ. ಎಚ್‌ಐವಿ ಇರುವವರಲ್ಲಿ ದೀರ್ಘಕಾಲದ ನೋವಿನ ಪ್ರಮಾಣ ಶೇ. 39ರಿಂದ 85ರವರೆಗೆ ಎಂದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಖಿನ್ನತೆ ಉಳಿದವರಿಗಿಂತ ಇವರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಇಷ್ಟು ಸಾಮಾನ್ಯವಾದದ್ದನ್ನು ಪ್ರತಿ ಭೇಟಿಯಲ್ಲೂ ಡಾಕ್ಟರೇ ಕೇಳಬೇಕಿತ್ತು. ಕೇಳುವುದಿಲ್ಲವಾದ್ದರಿಂದ ನೀವೇ ಬಾಯಿಬಿಟ್ಟು ಹೇಳಬೇಕಾಗಿದೆ.

ಪರೀಕ್ಷೆ ಕಷ್ಟದ್ದೇನೂ ಅಲ್ಲ. ಟ್ಯೂನಿಂಗ್ ಫೋರ್ಕನ್ನು ಮಿಡಿದು ಹೆಬ್ಬೆರಳಿನ ಮೂಳೆಯ ಮೇಲೆ ಇಡುತ್ತಾರೆ. ಕಣ್ಣು ಮುಚ್ಚಿಕೊಂಡು, ಅದರ ಕಂಪನ ನಿಂತಿತು ಅನ್ನಿಸಿದಾಗ ಹೇಳಬೇಕು. ಅದು ಇನ್ನೂ ನಡುಗುತ್ತಿರುವಾಗಲೇ ನೀವು ‘ನಿಂತಿತು’ ಎಂದರೆ ನರ ಮಂಕಾಗಿದೆ ಎಂದು ಅರ್ಥ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಪಾದ ಜಿಗಿಯುತ್ತದೆಯೇ ನೋಡುತ್ತಾರೆ. ಜೊತೆಗೆ ರಕ್ತದಲ್ಲಿ ಸಕ್ಕರೆ, ವಿಟಮಿನ್ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ನೋಡಿಸಬೇಕು. ಬಿ12 ಕೊರತೆ, ಥೈರಾಯ್ಡ್ ಕೊರತೆ ಎರಡೂ ನರವನ್ನೂ ಕೆಡಿಸುತ್ತವೆ, ಮನಸ್ಸನ್ನೂ ಕುಗ್ಗಿಸುತ್ತವೆ, ಎರಡಕ್ಕೂ ನೇರವಾದ ಮದ್ದಿದೆ. ಟಿಬಿಗೆ ಅಥವಾ ಟಿಬಿ ಬಾರದಂತೆ ಐಸೋನಿಯಜಿಡ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಅದು ಬಿ6 ಕಡಿಮೆ ಮಾಡಿ ಪಾದ ಉರಿಸುತ್ತದೆ. ಹಾಗೆಂದು ‘ನರಕ್ಕೆ ಒಳ್ಳೆಯದು’ ಎಂದು ಬಿ6 ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಬೇಡಿ, ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ಮದ್ಯಪಾನದ ಅಭ್ಯಾಸವಿದ್ದರೆ ಮುಚ್ಚಿಡಬೇಡಿ. ಅದು ನರಕ್ಕೂ ಖಿನ್ನತೆಗೂ ಯಕೃತ್ತಿಗೂ ಒಟ್ಟಿಗೇ ಏಟು.

ಸೊಂಟದ ನೋವಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ನನಗೆ ಅಲ್ಲಿಯೇ ಪ್ರಶ್ನೆಗಳು ಜಾಸ್ತಿ. ನೋವು ಬೆನ್ನಿನ ಕೆಳಭಾಗದಲ್ಲೋ, ತೊಡೆಸಂದಿಯಲ್ಲೋ? ತೊಡೆಸಂದಿಯಲ್ಲಿ ನೋವು, ನಡೆದಾಗ ಹೆಚ್ಚು, ಕಾಲು ಮಡಚಿ ಕೂರಲು ಕಷ್ಟ ಎಂದಾದರೆ ತೊಡೆಮೂಳೆಯ ತಲೆಗೆ ರಕ್ತ ಸರಿಯಾಗಿ ಹೋಗದೆ ಅದು ಸವೆಯುತ್ತಿರಬಹುದು. ಎಚ್‌ಐವಿ ಇರುವವರಲ್ಲಿ ಈ ತೊಂದರೆ ಹೆಚ್ಚು. ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು, ಎಂಆರ್‌ಐ ಬೇಕಾಗುತ್ತದೆ. ಸ್ಟೀರಾಯ್ಡ್ ಮತ್ತು ಮದ್ಯ ಅದನ್ನು ಇನ್ನಷ್ಟು ಕೆಡಿಸುತ್ತವೆ. ಟೆನೊಫೊವಿರ್ ಡೈಸೊಪ್ರಾಕ್ಸಿಲ್ ರೂಪದ ಮಾತ್ರೆಯಿಂದ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ಕೆಲವರಲ್ಲಿ ಮೂತ್ರಪಿಂಡದಿಂದ ಫಾಸ್ಫೇಟ್ ಸೋರಿ ಮೂಳೆಗಳೇ ಮೆತ್ತಗಾಗಿ ನೋಯುತ್ತವೆ. ಬೆನ್ನುಮೂಳೆಗೆ ಟಿಬಿ ತಗುಲಿದರೂ ಬೆನ್ನುನೋವೇ. ಜ್ವರ, ತೂಕ ಇಳಿಕೆ, ಕಾಲಿನಲ್ಲಿ ಬಲ ಕಡಿಮೆಯಾಗುವುದು, ಮೂತ್ರ ಮಲದ ಹಿಡಿತ ತಪ್ಪುವುದು ಇವುಗಳಲ್ಲಿ ಒಂದು ಜೊತೆಗಿದ್ದರೂ ಕಾಯಬೇಡಿ. ಹಿಂದೆಂದೂ ಇಲ್ಲದ ತೀವ್ರ ತಲೆನೋವಿಗೂ ಇದೇ ಮಾತು. ಸಿಡಿ4 ಕಡಿಮೆ ಇರುವವರಲ್ಲಿ ಅದು ಮೆದುಳುಪೊರೆಯ ಸೋಂಕಾಗಿರಬಹುದು, ನೋವಿನ ಮಾತ್ರೆ ನುಂಗಿ ಮಲಗುವ ವಿಷಯವಲ್ಲ.

ಡೈಕ್ಲೋಫೆನಾಕ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ, ನಿಲ್ಲಿಸಿ. ಟೆನೊಫೊವಿರ್ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಅದೇ ಮೂತ್ರಪಿಂಡದ ರಕ್ತಸಂಚಾರ ತಗ್ಗಿಸುತ್ತವೆ. ಇವೆರಡೂ ಸೇರಿ ಮೂತ್ರಪಿಂಡ ದಿಢೀರನೆ ಕೈಕೊಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಇನ್ನೊಂದು ಸಂಗತಿ ಯಾರಿಗೂ ಹೊಳೆಯುವುದಿಲ್ಲ. ಡೈಕ್ಲೋಫೆನಾಕ್ ತಿಂದು ಹೊಟ್ಟೆ ಉರಿಯುತ್ತದೆ, ಅದಕ್ಕೆ ಆಂಟಾಸಿಡ್ ಕುಡಿಯುತ್ತಾರೆ, ಆಂಟಾಸಿಡ್‌ನಲ್ಲಿರುವ ಅಲ್ಯುಮಿನಿಯಂ, ಮೆಗ್ನೀಶಿಯಂ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಕಾಲಿನ ನೋವಿಗೆ ತಿಂದ ಮಾತ್ರೆ ಸುತ್ತಿ ಬಳಸಿ ಎಚ್‌ಐವಿ ಮಾತ್ರೆಯ ಬಲ ಕಸಿಯುವುದು ಹೀಗೆ. ಆಂಟಾಸಿಡ್ ಬೇಕೇ ಬೇಕಾದರೆ ಅದಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಡೊಲುಟೆಗ್ರಾವಿರ್ ತೆಗೆದುಕೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದೇ ಅಂತರ, ಆದರೆ ಊಟದ ಜೊತೆಗಾದರೆ ಒಟ್ಟಿಗೇ ನುಂಗಬಹುದು. ಇಷ್ಟಾಗಿ ನರದ ಉರಿಗೆ ಡೈಕ್ಲೋಫೆನಾಕ್ ಹೆಚ್ಚು ಕೆಲಸವನ್ನೇ ಮಾಡುವುದಿಲ್ಲ. ಸೊಂಟಕ್ಕೆ ಸದ್ಯಕ್ಕೆ ಪ್ಯಾರಸಿಟಮಾಲ್ ಸಾಕು. ಹೆಪಟೈಟಿಸ್ ಅಥವಾ ಬೇರೆ ಯಕೃತ್ತಿನ ತೊಂದರೆ ಇದ್ದರೆ ದಿನಕ್ಕೆ ಎರಡು ಗ್ರಾಂ ದಾಟಬೇಡಿ.

ಇಂಜೆಕ್ಷನ್ನಿಗೆ ಒಪ್ಪುವ ಮೊದಲು ಮೂಳೆ ಡಾಕ್ಟರಿಗೆ ವಿಷಯ ತಿಳಿಸಲೇಬೇಕು. ನಿಮ್ಮ ಈಗಿನ ಎಆರ್‌ಟಿಯಲ್ಲಿ ರಿಟೊನಾವಿರ್ ಇಲ್ಲ, ಪುಣ್ಯ. ಅದು ಬೇರೆ ಮದ್ದುಗಳು ಮೈಯಲ್ಲಿ ಕರಗುವುದನ್ನು ತಡೆಯುತ್ತದೆ. ಎರಡನೇ ಹಂತದ ಚಿಕಿತ್ಸೆಯಲ್ಲಿರುವ ಎಷ್ಟೋ ಜನರಿಗೆ ಅಟಜಾನಾವಿರ್, ಲೋಪಿನಾವಿರ್ ಅಥವಾ ದಾರುನಾವಿರ್ ಜೊತೆಗೆ ರಿಟೊನಾವಿರ್ ಕೊಡುತ್ತಾರೆ. ಅಂಥವರು ಕೀಲಿಗೋ ಬೆನ್ನಿಗೋ ಟ್ರಯಾಮ್ಸಿನೊಲೋನ್ ಇಂಜೆಕ್ಷನ್ ಹಾಕಿಸಿಕೊಂಡರೆ ಆ ಸ್ಟೀರಾಯ್ಡ್ ಕರಗದೆ ವಾರಗಟ್ಟಲೆ ಮೈಯಲ್ಲೇ ಉಳಿಯುತ್ತದೆ. ಮುಖ ಊದಿ, ಸಕ್ಕರೆ ಏರಿ, ದೇಹದ ಸ್ವಂತ ಸ್ಟೀರಾಯ್ಡ್ ಉತ್ಪಾದನೆ ನಿಂತುಹೋಗುತ್ತದೆ. ಮೈಗ್ರೇನಿಗೆ ಕೊಡುವ ಎರ್ಗೊಟಮಿನ್ ಮಾತ್ರೆಯೂ ರಿಟೊನಾವಿರ್ ಜೊತೆ ಸೇರಬಾರದು, ಕೈಕಾಲಿನ ರಕ್ತನಾಳಗಳು ಬಿಗಿದುಕೊಂಡು ಬೆರಳು ಕೊಳೆಯುವವರೆಗೂ ಹೋಗಬಹುದು. ಎಚ್‌ಐವಿ ಇದೆ ಎಂದು ಹೇಳಲು ನಾಲಿಗೆ ಏಳದಿದ್ದರೆ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಡಿ, ‘ಇದನ್ನು ತೆಗೆದುಕೊಳ್ಳುತ್ತಿದ್ದೇನೆ, ಇದಕ್ಕೆ ಹೊಂದುವ ಮದ್ದು ಕೊಡಿ’ ಎನ್ನಿ. ರೋಗಿಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ. ಆಮೇಲೂ ಅವರ ಮುಖ ಬದಲಾಯಿತು ಅನ್ನಿಸಿದರೆ ಬೇರೆ ಡಾಕ್ಟರನ್ನು ಹುಡುಕಿ, ಮುಚ್ಚಿಟ್ಟು ಚಿಕಿತ್ಸೆ ಪಡೆಯುವುದಕ್ಕಿಂತ ಅದು ವಾಸಿ.

ಹಾಗಾದರೆ ನರದ ನೋವಿಗೆ ಏನು? ಇಲ್ಲಿ ಸ್ವಲ್ಪ ಕಹಿ ಸತ್ಯವಿದೆ. ಸಕ್ಕರೆ ಕಾಯಿಲೆಯ ನರನೋವಿಗೆ ಚೆನ್ನಾಗಿ ಒಗ್ಗುವ ಕೆಲವು ಮದ್ದುಗಳು ಎಚ್‌ಐವಿ ನರನೋವಿನ ಪರೀಕ್ಷೆಗಳಲ್ಲಿ ಮದ್ದಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಅಮಿಟ್ರಿಪ್ಟಿಲಿನ್, ಪ್ರೀಗಾಬಾಲಿನ್ ಎರಡಕ್ಕೂ ಈ ಅನುಭವವಾಗಿದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಶೇ. 8ರಷ್ಟಿರುವ, ಚರ್ಮಕ್ಕೆ ಅಂಟಿಸುವ ಪಟ್ಟಿಗೆ ಪುರಾವೆ ಇದೆ. ಅದನ್ನು ಆಸ್ಪತ್ರೆಯಲ್ಲೇ ಹಚ್ಚಬೇಕು, ಎಲ್ಲ ಕಡೆ ಸಿಗುವುದಿಲ್ಲ. ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘ 2017ರಲ್ಲಿ ಎಚ್‌ಐವಿ ಇರುವವರ ದೀರ್ಘಕಾಲದ ನೋವಿಗೆಂದೇ ಹೊರತಂದ ಮಾರ್ಗಸೂಚಿಯಲ್ಲಿ ನರನೋವಿಗೆ ಬಾಯಿಯ ಮೂಲಕ ಕೊಡುವ ಮೊದಲ ಮದ್ದಾಗಿ ಗ್ಯಾಬಾಪೆಂಟಿನ್ ಹೇಳಿದೆ. ರಾತ್ರಿಯ ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ, ಕ್ರಿಯೇಟಿನಿನ್ ನೋಡಿ ಪ್ರಮಾಣ ಹೊಂದಿಸುತ್ತಾರೆ. ತೂಕಡಿಕೆ, ತಲೆಸುತ್ತು ಬರಬಹುದು. ಮಾರ್ಫಿನ್ ಜಾತಿಯ ಮದ್ದುಗಳನ್ನು ಆ ಮಾರ್ಗಸೂಚಿ ಮೊದಲಿಗೆ ಬಳಸಬೇಡಿ ಎನ್ನುತ್ತದೆ, ನನ್ನ ಅಭಿಪ್ರಾಯವೂ ಅದೇ.

ನಿಮ್ಮ ವಿಷಯದಲ್ಲಿ ಮಾತ್ರ ನಾನು ಡುಲೋಕ್ಸೆಟಿನ್ ಬಗ್ಗೆ ವೈದ್ಯರ ಜೊತೆ ಮಾತಾಡಿ ಎಂದು ಹೇಳುತ್ತೇನೆ. ಎಚ್‌ಐವಿ ನರನೋವಿಗೆ ಅದರ ಪುರಾವೆ ತೆಳುವಾಗಿದ್ದರೂ ಖಿನ್ನತೆಗೆ ಅದು ಸರಿಯಾದ ಮದ್ದು, ಬೇರೆ ಬಗೆಯ ನರನೋವಿಗೆ ಕೆಲಸ ಮಾಡುತ್ತದೆ, ಡೊಲುಟೆಗ್ರಾವಿರ್ ಜೊತೆ ಜಗಳವಿಲ್ಲ. ಮೆದುಳಿನಿಂದ ಬೆನ್ನುಹುರಿಗೆ ಇಳಿದು ನೋವಿನ ಸಂಕೇತವನ್ನು ತಗ್ಗಿಸುವ ಒಂದು ದಾರಿಯಿದೆ, ಅದು ನಡೆಯುವುದು ಸೆರೊಟೊನಿನ್, ನಾರ್‌ಅಡ್ರಿನಲಿನ್ ಎಂಬ, ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕಗಳ ಮೇಲೆ. ಖಿನ್ನತೆಯಲ್ಲಿ ಏರುಪೇರಾಗುವುದೂ ಇವೇ. ಖಿನ್ನತೆಯಲ್ಲಿ ಅದೇ ನೋವು ಹೆಚ್ಚು ನೋಯುತ್ತದೆ, ನೋವಿನಿಂದ ನಿದ್ದೆ ಹೋಗಿ ಖಿನ್ನತೆ ಆಳವಾಗುತ್ತದೆ. ಅದಕ್ಕೇ ‘ಮೊದಲು ನೋವು ಹೋಗಲಿ, ಮನಸ್ಸು ತಾನೇ ಸರಿಹೋಗುತ್ತದೆ’ ಎಂದು ಕಾಯುವುದು ತಪ್ಪು ಲೆಕ್ಕ. ಎರಡಕ್ಕೂ ಒಟ್ಟಿಗೇ ಕೈ ಹಾಕಬೇಕು. ಯಕೃತ್ತಿನ ಕಾಯಿಲೆ, ವಿಪರೀತ ಕುಡಿತ ಅಥವಾ ಮೂತ್ರಪಿಂಡ ತೀರಾ ದುರ್ಬಲವಾಗಿದ್ದರೆ ಡುಲೋಕ್ಸೆಟಿನ್ ಬೇಡ. ಆಗ ಖಿನ್ನತೆಗೆ ಸರ್ಟ್ರಲಿನ್ ಅಥವಾ ಎಸಿಟಲೋಪ್ರಾಂ ಬಗ್ಗೆ ಯೋಚಿಸಬಹುದು. ಊಟ ನಿದ್ದೆ ಎರಡೂ ಕೆಟ್ಟಿದ್ದರೆ ಮಿರ್ಟಜಪಿನ್.

ಎಆರ್‌ಟಿ ಜೊತೆಗೆ ನಿಜವಾಗಿ ಕಾದಾಡುವ ಮದ್ದುಗಳು ಬೇರೆಯೇ ಇವೆ. ಕೆಲವು ಬಗೆಯ ನರನೋವಿಗೆ ಬರೆಯುವ ಕಾರ್ಬಮಜೆಪಿನ್ ಡೊಲುಟೆಗ್ರಾವಿರ್‌ನ ಮಟ್ಟ ಇಳಿಸುತ್ತದೆ. ಖಿನ್ನತೆಗೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಎಆರ್‌ಟಿಯ ಹಲವು ಮದ್ದುಗಳ ಬಲ ಕುಂದಿಸುತ್ತದೆ. ‘ಗಿಡಮೂಲಿಕೆ ತಾನೇ, ಏನಾಗುತ್ತದೆ’ ಎನ್ನುವವರಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದೇ. ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು ಖಿನ್ನತೆಯ ಮಾತ್ರೆಯ ಜೊತೆ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ, ನಡುಕ, ಬೆವರು, ಫಿಟ್ಸ್ ಬರಬಹುದು. ಎಫಾವಿರೆಂಜ್ ಇರುವ ಹಳೆಯ ಮಾತ್ರೆಯಲ್ಲೇ ಯಾರಾದರೂ ಇನ್ನೂ ಇದ್ದರೆ, ವಿಚಿತ್ರ ಕನಸು, ಖಿನ್ನತೆ, ಸಾಯುವ ಯೋಚನೆಗೆ ಆ ಮಾತ್ರೆಯೇ ಕಾರಣವಾಗಿರಬಹುದು. ಡೊಲುಟೆಗ್ರಾವಿರ್‌ನಿಂದಲೂ ಕೆಲವರಿಗೆ ನಿದ್ದೆ ಕೆಡುತ್ತದೆ. ರಾತ್ರಿ ತೆಗೆದುಕೊಳ್ಳುತ್ತಿದ್ದರೆ ಬೆಳಗ್ಗೆಗೆ ಬದಲಿಸಿ ನೋಡಿ. ಮನಸ್ಸು ಕುಸಿದದ್ದು ಆ ಮಾತ್ರೆ ಶುರುವಾದ ಮೇಲೆಯೋ ಎಂಬುದನ್ನು ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ, ಆದರೆ ನೀವೇ ನಿಲ್ಲಿಸಬೇಡಿ.

ಖಿನ್ನತೆ ಎಷ್ಟಿದೆ ಎಂದು ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಹಿಂದಿನ ಎರಡು ವಾರಗಳ ಬಗ್ಗೆ ಕೇಳುತ್ತದೆ, ಒಟ್ಟು 27 ಅಂಕ, 10 ಅಥವಾ ಹೆಚ್ಚು ಬಂದರೆ ಸರಿಯಾಗಿ ನೋಡಬೇಕು. ಎಚ್‌ಐವಿ ಇರುವವರಲ್ಲಿ ಸುಸ್ತು, ಊಟ ಸೇರದಿರುವುದು, ನಿದ್ದೆಗೇಡು ದೇಹದ ಕಾರಣದಿಂದಲೂ ಇರಬಹುದು. ಅದಕ್ಕೆ ನಾನು ಹೆಚ್ಚು ಗಮನ ಕೊಡುವುದು ಎರಡಕ್ಕೆ: ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಕೊಡುತ್ತಿಲ್ಲವೇ, ತಾನು ಕೆಲಸಕ್ಕೆ ಬಾರದವನು ಎಂಬ ಭಾವನೆ ಇದೆಯೇ. ನಿಮ್ಮ ಪತ್ರದಲ್ಲಿ ಎರಡೂ ಇವೆ.

ಮಾತ್ರೆ ಒಂದೇ ದಾರಿಯಲ್ಲ. ಮಾತಿನ ಚಿಕಿತ್ಸೆಗೆ ದೊಡ್ಡ ತಜ್ಞರೇ ಬೇಕೆಂದೂ ಇಲ್ಲ. ಜಿಂಬಾಬ್ವೆಯ ಹರಾರೆಯಲ್ಲಿ ‘ಗೆಳೆತನದ ಬೆಂಚು’ ಎಂಬ ಯೋಜನೆಯಿದೆ. ಕ್ಲಿನಿಕ್ಕಿನ ಹೊರಗಿನ ಮರದ ಬೆಂಚಿನ ಮೇಲೆ ತರಬೇತಿ ಪಡೆದ ಹಿರಿಯ ಹೆಂಗಸರು ಜನರ ಜೊತೆ ಕೂತು ಮಾತಾಡುತ್ತಾರೆ. 2016ರಲ್ಲಿ ಪ್ರಕಟವಾದ ಇದರ ಅಧ್ಯಯನದಲ್ಲಿ 573 ಜನರಿದ್ದರು, ಅವರಲ್ಲಿ ಹತ್ತರಲ್ಲಿ ನಾಲ್ವರಿಗೆ ಎಚ್‌ಐವಿ ಇತ್ತು. ಅಲ್ಲಿ ಮಾಡುವುದಿಷ್ಟೆ: ತಲೆ ತಿನ್ನುವ ಸಮಸ್ಯೆಗಳನ್ನು ಪಟ್ಟಿಮಾಡಿ, ಒಂದನ್ನು ಆರಿಸಿ, ಮುಂದಿನ ಭೇಟಿಯೊಳಗೆ ಅದಕ್ಕೆ ಮಾಡಬಹುದಾದ ಒಂದು ಸಣ್ಣ ಕೆಲಸ ಗೊತ್ತುಮಾಡುವುದು. ಆರು ತಿಂಗಳ ನಂತರ, ಮಾಮೂಲಿ ಆರೈಕೆ ಪಡೆದ ಗುಂಪಿಗಿಂತ ಬೆಂಚಿನ ಗುಂಪಿನವರಲ್ಲಿ ಖಿನ್ನತೆ ಸ್ಪಷ್ಟವಾಗಿ ಕಡಿಮೆ ಇತ್ತು. ನಿಮ್ಮ ಎಆರ್‌ಟಿ ಕ್ಲಿನಿಕ್ಕಿನ ಆಪ್ತ ಸಮಾಲೋಚಕರ ಜೊತೆ ಇದೇ ಕೆಲಸ ಶುರುಮಾಡಬಹುದು. ಎಚ್‌ಐವಿ ಇರುವವರ ಬೆಂಬಲ ಗುಂಪಿದ್ದರೆ ಅಲ್ಲಿಗೂ ಒಮ್ಮೆ ಹೋಗಿ ನೋಡಿ. ಇಷ್ಟವಾಗದಿದ್ದರೆ ಎದ್ದು ಬಂದರಾಯಿತು.

‘ಯಾರಿಗೂ ಬೇಡದವನು’ ಎಂಬ ಮಾತಿನ ಹಿಂದೆ ‘ನನ್ನಿಂದ ಬೇರೆಯವರಿಗೆ ಅಪಾಯ’ ಎಂಬ ಭಯವೂ ಅಡಗಿರುವುದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ. ನಿಮಗೂ ಇದ್ದರೆ ತಿಳಿದಿರಲಿ: 2016 ಮತ್ತು 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನಗಳಲ್ಲಿ, ವೈರಸ್ ಹತೋಟಿಯಲ್ಲಿದ್ದವರಿಂದ ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಲ್ಲೂ ಸಂಗಾತಿಗೆ ಎಚ್‌ಐವಿ ಹರಡಿದ ಒಂದೇ ಒಂದು ಪ್ರಕರಣವೂ ಸಿಗಲಿಲ್ಲ. ಮಾತ್ರೆ ತಪ್ಪದಿರುವವರೆಗೆ ಮಾತ್ರ ಈ ಮಾತು, ಆದ್ದರಿಂದ ತಪ್ಪಿದ ಮಾತ್ರೆಗಳ ಲೆಕ್ಕ ಡಾಕ್ಟರಿಂದ ಮುಚ್ಚಿಡಬೇಡಿ.

ದಿನದ ಓಡಾಟದ ಬಗ್ಗೆ ಒಂದು ಮಾತು. ನೋವಿರುವವರು ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗುತ್ತಾರೆ, ಆಮೇಲೆ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಕೆಟ್ಟ ದಿನದಲ್ಲೂ ಆಗುವಷ್ಟು ನಡಿಗೆಯನ್ನು, ಹತ್ತು ನಿಮಿಷವಾದರೂ ಸರಿ, ದಿನಾಲೂ ಮಾಡಿ. ಒಳ್ಳೆಯ ದಿನವೂ ಅಷ್ಟೇ. ವಾರಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಸೊಂಟಕ್ಕೆ ಕಾರಣ ಗೊತ್ತಾಗುವವರೆಗೆ ಭಾರ ಎತ್ತುವುದು, ಓಡುವುದು ಬೇಡ. ಪಾದಕ್ಕೆ ಬಿಗಿಯಿಲ್ಲದ ಚಪ್ಪಲಿ ಇರಲಿ, ಮಲಗುವಾಗ ಹೊದಿಕೆ ಪಾದಕ್ಕೆ ತಾಗದಂತೆ ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಅದರ ಮೇಲೆ ಹೊದಿಕೆ ಹಾಸಿ. ಉರಿಗೆಂದು ಪಾದವನ್ನು ಬಿಸಿನೀರಿನಲ್ಲಾಗಲಿ ಐಸಿನಲ್ಲಾಗಲಿ ಇಡಬೇಡಿ, ಮಂಕಾದ ಚರ್ಮಕ್ಕೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ.

ಇದೆಲ್ಲದರಿಂದ ನೋವು ಸೊನ್ನೆಗೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಹತ್ತಕ್ಕೆ ಎಂಟಿದ್ದದ್ದು ಐದಕ್ಕೆ ಇಳಿದು, ರಾತ್ರಿ ನಿದ್ದೆ ಬಂದು, ಬೆಳಗ್ಗೆ ಎದ್ದು ಕೆಲಸಕ್ಕೆ ಹೊರಡುವಂತಾದರೆ ಚಿಕಿತ್ಸೆ ಗೆದ್ದಿದೆ ಎಂದೇ ನಮ್ಮ ಲೆಕ್ಕ. ಖಿನ್ನತೆಯ ಮಾತ್ರೆಗಳಿಂದ ಮೊದಲ ಒಂದೆರಡು ವಾರ ವಾಕರಿಕೆ, ಚಡಪಡಿಕೆ ಇರಬಹುದು. ಪ್ರಯೋಜನ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರು ವಾರ ಬೇಕು. ಈ ಮೊದಲ ವಾರಗಳಲ್ಲಿ ಮನಸ್ಸು ಇನ್ನೂ ಕೆಟ್ಟರೆ ತಕ್ಷಣ ಡಾಕ್ಟರನ್ನು ಕಾಣಿ. ಚೆನ್ನಾಗಿ ಆದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ಹಂತಹಂತವಾಗಿ ಇಳಿಸಬೇಕು. ಸರಿಯಾದ ಪ್ರಮಾಣದಲ್ಲಿ ಆರು ವಾರ ತೆಗೆದುಕೊಂಡರೂ ಏನೂ ಬದಲಾಗದಿದ್ದರೆ ‘ನನಗೆ ಮದ್ದೇ ಹತ್ತುವುದಿಲ್ಲ’ ಎಂದುಕೊಳ್ಳಬೇಡಿ. ಒಂದು ಮಾತ್ರೆಗೆ ಬಗ್ಗದ ಖಿನ್ನತೆ ಎಷ್ಟೋ ಸಲ ಎರಡನೆಯದಕ್ಕೆ ಬಗ್ಗುತ್ತದೆ, ಬದಲಿಸಿಕೊಡಿ ಎಂದು ಕೇಳಿ.